ಬಾಯಿಬಿಟ್ಟು ಮಾತಾಡಿದ್ದರೆ ನಾಟಕಗಳ ಆ ಸಂಸಾರಗಳು ಉಳಿಯುತ್ತಿದ್ದವೇ?

ಪರ: ಉಳಿಯುತ್ತಿದ್ದವು

ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕದ ಶುರುವಿನಲ್ಲೇ ನೋರಾ ಕದ್ದು ಸಿಹಿ ತಿನ್ನುತ್ತಾಳೆ. ಗಂಡನನ್ನು ಕರೆಯುವ ಮುಂಚೆ ಪೊಟ್ಟಣವನ್ನು ಜೇಬಿಗೆ ಸೇರಿಸಿ ಬಾಯಿ ಒರೆಸಿಕೊಳ್ಳುತ್ತಾಳೆ. ತಿಂದೆಯಾ ಎಂದು ಅವನು ಕೇಳಿದರೆ ಇಲ್ಲವೇ ಇಲ್ಲ ಅನ್ನುತ್ತಾಳೆ. ಆ ಪೊಟ್ಟಣ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ತಿನ್ನುವ ವಿಷಯಕ್ಕೇ ಇಷ್ಟು ಹೆದರುವವಳು, ಅವನ ಜೀವ ಉಳಿಸಲು ಅಪ್ಪನ ಸಹಿ ತಾನೇ ಹಾಕಿ ಸಾಲ ತಂದೆ ಎಂದು ಹೇಗೆ ಹೇಳಿಯಾಳು?

ಕೊನೆಗೆ ಅವನನ್ನು ಮೇಜಿನ ಆಚೆ ಕೂರಿಸುತ್ತಾಳೆ. ಮದುವೆಯಾಗಿ ಎಂಟು ವರ್ಷ, ನಾವಿಬ್ಬರೂ ಕೂತು ಮನಸ್ಸಿಟ್ಟು ಮಾತಾಡುತ್ತಿರುವುದು ಇದೇ ಮೊದಲು ಅನ್ನುತ್ತಾಳೆ. 1879ರ ನಾಟಕ ಇದು. ಇವತ್ತಿಗೂ ಆ ಮಾತು ಚುಚ್ಚುತ್ತದೆ, ಅಲ್ವಾ? ಅದೇ ಮಾತು ಮೊದಲ ವರ್ಷವೇ ಆಡಿದ್ದರೆ ಕೊನೆಗೆ ಅವಳು ಗಂಡನ ಮನೆ ಬಿಟ್ಟು ಬಾಗಿಲು ಎಳೆದುಕೊಂಡು ಹೋಗಬೇಕಿರಲಿಲ್ಲ.

ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿ. ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಉಣ್ಣುತ್ತಾನೆ, ಹೊರಗಿನಿಂದ ಬೀಗ ಹಾಕಿ ಹೋಗುತ್ತಾನೆ. ಅವನ ಬಾಯಲ್ಲಿ ಅಪ್ಪಣೆ ಬಿಟ್ಟರೆ ಬೇರೆ ಮಾತಿಲ್ಲ. ರಾತ್ರಿ ಅವನದೇ ರೂಪದಲ್ಲಿ ಬರುವ ನಾಗ, ಅಪ್ಪಣ್ಣನ ಹೆಂಡತಿ ರಾಣಿಯ ಹತ್ತಿರ ಅವಳ ಅಪ್ಪ ಅಮ್ಮನ ಬಗ್ಗೆ ಕೇಳುತ್ತಾನೆ. ಅವಳು ಹೇಳುತ್ತಾ ಹೇಳುತ್ತಾ ಹಗುರಾಗುತ್ತಾಳೆ. ಮುಖ ಅದೇ, ಮನೆ ಅದೇ. ಬೇರೆಯಾಗಿದ್ದು ಕೇಳುವ ಕಿವಿ ಮಾತ್ರ.

ವಿರೋಧ: ಮಾತಿನಿಂದ ಆಗುವುದಿಲ್ಲ

ಅಮೆರಿಕದ ನಾಟಕಕಾರ ಎಡ್ವರ್ಡ್ ಆಲ್ಬಿಯ 1962ರ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವೂಲ್ಫ್?’ ನಾಟಕದಲ್ಲಿ ಮಾತಿಗೆ ಬರವೇ ಇಲ್ಲ. ಗಂಡ ಜಾರ್ಜ್ ಮತ್ತು ಹೆಂಡತಿ ಮಾರ್ಥಾ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಮಾತಾಡುತ್ತಲೇ ಇರುತ್ತಾರೆ. ಅತಿಥಿಗಳ ಎದುರೇ ಒಬ್ಬರ ಮಾನ ಇನ್ನೊಬ್ಬರು ತೆಗೆಯುತ್ತಾರೆ. ಎಲ್ಲಿ ಚುಚ್ಚಿದರೆ ಜಾಸ್ತಿ ನೋಯುತ್ತದೆ ಎಂದು ಇಬ್ಬರಿಗೂ ಗೊತ್ತು. ಇಷ್ಟು ವರ್ಷ ಮಾತಾಡಿ ಕಲಿತದ್ದೇ ಅದು. ಮನಸ್ಸು ಮಾತ್ರ ಇದ್ದಲ್ಲೇ ಕೊಳೆಯುತ್ತಿದೆ. ಇಲ್ಲದ ಮಗನೊಬ್ಬನನ್ನು ಕಲ್ಪಿಸಿಕೊಂಡು ಬದುಕಿದ್ದಾರೆ ಆ ಗಂಡ ಹೆಂಡತಿ.

ಸತ್ಯ ಹೇಳಿಬಿಟ್ಟರೆ? ಅದನ್ನೂ ಇಂಗ್ಲೆಂಡಿನ ನಾಟಕಕಾರ ಹೆರಾಲ್ಡ್ ಪಿಂಟರ್ 1978ರ ‘ಬಿಟ್ರೇಯಲ್’ನಲ್ಲಿ ತೋರಿಸಿದ್ದಾನೆ. ನನ್ನ ಮಟ್ಟಿಗೆ ಈ ಪ್ರಶ್ನೆಯನ್ನು ಇದಕ್ಕಿಂತ ಆಳವಾಗಿ ಕೆದಕಿದ ನಾಟಕ ಇಲ್ಲ. ಎಮ್ಮಾಗೆ ಗಂಡನ ಗೆಳೆಯ ಜೆರ್ರಿಯ ಜೊತೆ ಏಳು ವರ್ಷದ ಸಂಬಂಧ. ಕಥೆ 1977ರಿಂದ 1968ಕ್ಕೆ, ಹಿಂದಕ್ಕೆ ನಡೆಯುತ್ತದೆ. ಹಾಗಾಗಿ ಸಂಬಂಧ ಸತ್ತದ್ದನ್ನು ಮೊದಲು ನೋಡುತ್ತೇವೆ, ಹುಟ್ಟಿದ್ದನ್ನು ಕೊನೆಗೆ. 1973ರಲ್ಲಿ ವೆನಿಸ್‌ನಲ್ಲಿ ಗಂಡ ರಾಬರ್ಟ್ ಕೇಳುತ್ತಾನೆ, ಅವಳು ಒಪ್ಪಿಕೊಳ್ಳುತ್ತಾಳೆ. ಮುಚ್ಚುಮರೆ ಮುಗಿಯಿತು. ಆಮೇಲೆ? ಏನೂ ಇಲ್ಲ. ಗಂಡ ಹೆಂಡತಿ ಒಂದೇ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ದೂಡುತ್ತಾರೆ. ರಾಬರ್ಟ್ ಎಲ್ಲಾ ಗೊತ್ತಿದ್ದೂ ಜೆರ್ರಿಯ ಜೊತೆ ಊಟಕ್ಕೆ ಕೂರುತ್ತಾನೆ. ಕೊನೆಗೆ ಒಂದು ರಾತ್ರಿ ಗಂಡ ಹೆಂಡತಿ ಬೆಳಗಿನವರೆಗೂ ಮಾತಾಡುತ್ತಾರೆ. ಆ ಮಾತಿನಿಂದ ಸಂಸಾರ ಕೂಡಲಿಲ್ಲ, ಮುಗಿಯಿತು.

ನೋರಾಳ ಗಂಡನೂ ಅಷ್ಟೇ. ಸಾಲದ ಗುಟ್ಟು ಗೊತ್ತಾದ ಗಳಿಗೆಯಲ್ಲಿ ಅವನಿಗೆ ನೆನಪಾದದ್ದು ತನ್ನ ಮರ್ಯಾದೆ. ಎಂಟು ವರ್ಷ ಮೊದಲೇ ಹೇಳಿದ್ದರೂ ಅದೇ ಆಗುತ್ತಿತ್ತು. ಅವಳು ಬೇಗ ಹೊರಡುತ್ತಿದ್ದಳು, ಅಷ್ಟೇ.

ಇನ್ನು ಕದ್ದುಮುಚ್ಚಿ ಸೇರುವವರಲ್ಲಾದರೂ ಮನಸ್ಸು ಹರಿಯುತ್ತದೆಯೇ? ಎಮ್ಮಾ ಮತ್ತು ಜೆರ್ರಿ 1975ರಲ್ಲಿ ತಮ್ಮ ಬಾಡಿಗೆ ಗೂಡಿನಲ್ಲಿ ಕೊನೆಯ ಸಲ ಕೂತಿದ್ದಾರೆ. ಅಲ್ಲಿನ ಸಾಮಾನು ಏನು ಮಾಡುವುದು ಎಂಬ ಮಾತು. ಎಮ್ಮಾ ಗೊಂಚಲಿನಿಂದ ಆ ಮನೆಯ ಕೀ ಬಿಡಿಸಲು ನೋಡುತ್ತಾಳೆ, ಬರುವುದಿಲ್ಲ. ಗೊಂಚಲನ್ನೇ ಅವನ ಕಡೆ ಎಸೆಯುತ್ತಾಳೆ. ಅವನು ಬಿಡಿಸುತ್ತಾನೆ.