ಸ್ಪಷ್ಟನೆ: ಧಾರವಾಡಕ್ಕೆ ಸೇರಿಸಿದರೆ ಹೊರಗೆ ಬಿಡುವುದಿಲ್ಲ ಎಂಬ ಮಾತು ಸುಳ್ಳು

‘ಧಾರವಾಡದ ಡಿಮ್ಹಾನ್ಸ್‌ಗೆ (ಸರ್ಕಾರಿ ಮಾನಸಿಕ ಆಸ್ಪತ್ರೆಗೆ) ಒಮ್ಮೆ ಸೇರಿಸಿದರೆ ಮುಗೀತು, ಜೀವನಪೂರ್ತಿ ಅಲ್ಲೇ’ ಎಂಬ ಮಾತು ಗದಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಇಂಥದ್ದನ್ನು ನಂಬಿ ಮನೆಯವರು ಚಿಕಿತ್ಸೆಯನ್ನೇ ಮುಂದೂಡುತ್ತಾರೆ, ನನಗೆ ಜಾಸ್ತಿ ಚಿಂತೆ ಅದೇ.

2017ರ ಮಾನಸಿಕ ಆರೋಗ್ಯ ಕಾಯ್ದೆ ಏನು ಹೇಳುತ್ತದೆ? ತಾವಾಗಿಯೇ ದಾಖಲಾದ ವಯಸ್ಕರು ಬಿಡುಗಡೆ ಕೇಳಬಹುದು. ಅಪಾಯ ಕಂಡರೆ ವೈದ್ಯರು ತಪಾಸಣೆಗೆಂದು 24 ಗಂಟೆ ತಡೆಯಬಹುದು. ಕಾಯಿಲೆ ತೀವ್ರವಾಗಿದ್ದು, ಅವರ ಪರವಾಗಿ ಬೇರೆಯವರು ದಾಖಲಿಸಿದರೆ ಮೊದಲ ಮಿತಿ 30 ದಿನ. ಅದಕ್ಕೂ ಜಾಸ್ತಿ ಇರಬೇಕಾದರೆ ಇಬ್ಬರು ಮನೋವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಇನ್ನೂ ಮುಖ್ಯವಾದದ್ದು 19ನೇ ಕಲಂ: ಮನೆಯವರು ಒಪ್ಪಲಿಲ್ಲ ಅಥವಾ ಮನೆಯೇ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸುವಂತಿಲ್ಲ. ಸಮಾಜದ ನಡುವೆ ಬದುಕುವುದು ಅವರ ಹಕ್ಕು.

ಹಾಗಾಗಿ ಊರಿಗೆ ಮರಳಿದವರನ್ನು ಓಣಿಯವರು ದೂರ ಇಡಬೇಡಿ. ಕಟ್ಟೆಯ ಮೇಲೆ ಕೂಡಿಸಿಕೊಂಡು ಚಹಾ ಕೊಡಿ, ಜಾತ್ರೆಗೆ ಕರೆಯಿರಿ, ಆಗುವಷ್ಟು ಕೆಲಸ ಕೊಡಿ. ಮಾತ್ರೆಯನ್ನು ವೈದ್ಯರನ್ನು ಕೇಳದೆ ಸುಮ್ನೆ ನಿಲ್ಲಿಸಬಾರದು. ಸಹಾಯ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.