ಏಳನೇ ಫಾರಂ

ಹಿರಿಯ ಕಾದಂಬರಿಕಾರರೊಬ್ಬರ ಸಂದರ್ಶನಕ್ಕೆ ನಾನು ಮಾಡಿಕೊಂಡ ಸಿದ್ಧತೆ ಇಷ್ಟು: 22 ಪ್ರಶ್ನೆ, ಇಸ್ತ್ರಿ ಮಾಡಿದ ಜುಬ್ಬಾ, ಅವರ ಕಾದಂಬರಿಯ ಬೆನ್ನುಡಿ. ಬೆನ್ನುಡಿಯನ್ನಂತೂ ಎರಡು ಸಲ ಓದಿದ್ದೆ.

ಧಾರವಾಡದ ಅವರ ಪಡಸಾಲೆಯಲ್ಲಿ ಕೂತವನೇ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಟೀಪಾಯಿ ಮೇಲಿಟ್ಟೆ. ಶುರುವೇ ಘನವಾಗಿರಲೆಂದು, "1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಪ್ರಕಾಶನದ, ಸಾಹಿತಿಗಳೆಲ್ಲ ಸೇರುತ್ತಿದ್ದ ಅಟ್ಟ ನಿಮ್ಮ ಬರವಣಿಗೆಯನ್ನು ಹೇಗೆ ರೂಪಿಸಿತು ಸರ್?" ಎಂದೆ.

"ಅಟ್ಟ ಏರಬೇಕಂದ್ರ ಮೊಣಕಾಲು ಗಟ್ಟಿ ಇರಬೇಕು, ತಮ್ಮಾ" ಎಂದವರು ಅಲ್ಲಿಂದ ಸೀದಾ ಮೊಣಕಾಲಿಗೇ ಇಳಿದರು. ವಿಮರ್ಶಕ ಕುರ್ತಕೋಟಿ, ನಾಟಕಕಾರ ಕಾರ್ನಾಡರ ಕಾಲದ ಹರಟೆಯ ನಾಲ್ಕು ತುಣುಕು ಸಿಕ್ಕೀತೆಂದು ಹೋದವನಿಗೆ ನೋವಿನೆಣ್ಣೆಯನ್ನು ಎಷ್ಟು ಬೆಚ್ಚಗೆ ಮಾಡಬೇಕು, ಯಾವ ದಿಕ್ಕಿಗೆ ತಿಕ್ಕಬೇಕು ಎಂಬುದು ಸಿಕ್ಕಿತು. ಹಾಗೆ ನೋಡಿದರೆ, ಮುಂದೆ ಉಪಯೋಗಕ್ಕೆ ಬಂದದ್ದೂ ಅದೇ.

"ನನ್ನ ಪುಸ್ತಕ ಓದಿಯೇನೋ?"

"ಓದದೆ ಬರ್ತೀನಾ ಸರ್! ಆ ಹೊಳೆ ಉಕ್ಕಿ ಬರೋ ಭಾಗ ಇದೆಯಲ್ಲ, ಎರಡು ರಾತ್ರಿ ನಿದ್ದೆ ಬರಲಿಲ್ಲ."

ಅವರ ಮುಖ ಅರಳಿತು. ನಾನೂ ಬಿಡದೆ ರುಜು ಹಾಕಿಕೊಡಿ ಎಂದು ಪುಸ್ತಕ ಚಾಚಿದೆ. ಅವರು ಪ್ರೀತಿಯಿಂದ ಹಾಳೆ ತಿರುವುತ್ತ 97ನೇ ಪುಟದಲ್ಲಿ ನಿಂತರು. ಅಚ್ಚಾದ ದೊಡ್ಡ ಹಾಳೆ ಮಡಚಿದರೆ 16 ಪುಟ, ಅದೇ ಒಂದು ಫಾರಂ ತಾನೇ. ಬೈಂಡಿಂಗ್‌ನಲ್ಲಿ ಅಂಚು ಕತ್ತರಿಸುವಾಗ ಏಳನೇ ಫಾರಂ ಮಾತ್ರ ಬ್ಲೇಡಿಗೆ ಸಿಗದೆ, ಅದರ ಹಾಳೆಗಳ ತಲೆ ಒಂದಕ್ಕೊಂದು ಕೂಡಿಕೊಂಡೇ ಉಳಿದಿತ್ತು. ಅವರು ಮಡಿಕೆಯೊಳಗೆ ಒಂದು ಕಣ್ಣಿಟ್ಟು, ಕೊಳವೆಬಾವಿ ನೋಡುವವರ ಹಾಗೆ ಇಣುಕಿದರು.

"ಹೊಳಿ ಇದರೊಳಗೇ ಐತಲ್ಲೋ ತಮ್ಮಾ, ಹೊರಗ ಹೆಂಗ ಬಂತು?"

ನನ್ನ ಕೈಯಲ್ಲಿದ್ದ ಅವಲಕ್ಕಿ ಬಾಯಿಗೆ ಹೋಗಲಿಲ್ಲ. ಅವರು ಅಡುಗೆಮನೆಯತ್ತ ತಿರುಗಿ, "ಏ, ಚಾಕು ತಾ!" ಎಂದು ಕೂಗಿದರು. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೋಡಿಕೊಂಡೆ.

ಬಂದದ್ದು ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಚಾಕು. ಒಂದೊಂದೇ ಮಡಿಕೆ ಸೀಳಿ ಪುಸ್ತಕ ನನ್ನ ಕೈಗೇ ಕೊಟ್ಟರು. "ಓದು. ಗಟ್ಟಿಯಾಗಿ."

ಅಷ್ಟನ್ನೂ ಓದಿದೆ. ಕಣ್ಣಲ್ಲಿ ನೀರು ಬಂದದ್ದು ಕಥೆಗೋ, ಉಳ್ಳಾಗಡ್ಡಿಗೋ.

ಬೆಂಗಳೂರಿಗೆ ಬಂದು ರೆಕಾರ್ಡಿಂಗ್ ಕೇಳಿದರೆ ಮೊದಲರ್ಧ ಮೊಣಕಾಲು, ಉಳಿದರ್ಧ ನನ್ನದೇ ತೊದಲು ದನಿ. ನಡುನಡುವೆ ಅವರದು: "ಅಲ್ಲಿ ಅಲ್ಪವಿರಾಮ ಐತಿ, ನಿಲ್ಲು." ಹೇಗೂ ಬೈಸಿಕೊಳ್ಳುವುದೇ ಎಂದುಕೊಂಡು ಅದನ್ನೇ ಸಂಪಾದಕರಿಗೆ ಕಳಿಸಿದೆ. ಮರುದಿನ ಫೋನ್ ಬಂತು.

"ಪೂರ್ತಿ ಕೇಳಿದೆ ಕಣಯ್ಯಾ. ಆ ಎಣ್ಣೆ ಇಲ್ಲಿ ಎಲ್ಲಿ ಸಿಗುತ್ತೆ?"