ಸತ್ಯಾಂಶ: ಚಿಪ್ ಕೆಲಸ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಮಾತ್ರವೇ?

ಸೀಟು ಆಯ್ಕೆಯ ಹೊತ್ತಿಗೆ ಶಿರಸಿ, ಕುಮಟಾ ಕಡೆಯ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: "ದೇಶಕ್ಕೆ ಚಿಪ್ ಕಾರ್ಖಾನೆ ಬರುತ್ತಿವೆ. ಎಲೆಕ್ಟ್ರಾನಿಕ್ಸ್ ಒಂದೇ ದಾರಿ. ಬೇರೆ ಬ್ರಾಂಚ್, ಡಿಪ್ಲೊಮಾ ತಗೊಂಡರೆ ಬಾಗಿಲು ಬಂದ್."

ಇದು ಅರ್ಧ ಸರಿ. ಚಿಪ್ ವಿನ್ಯಾಸದಲ್ಲಿ ಎಲೆಕ್ಟ್ರಾನಿಕ್ಸ್‌ನವರೇ ಜಾಸ್ತಿ. ಆ ಕೆಲಸ ನಮಗೆ ಹೊಸದೂ ಅಲ್ಲ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದೇ 1985ರಲ್ಲಿ.

ಕಾರ್ಖಾನೆಯ ಕಥೆ ಬೇರೆ. ಸಿಲಿಕಾನ್ ಬಿಲ್ಲೆ ನೂರಾರು ಹಂತ ದಾಟಿ ಚಿಪ್ ಆಗುತ್ತದೆ. ಬೆಳಕಿನಿಂದ ವಿನ್ಯಾಸ ಮೂಡಿಸಬೇಕು, ಅನಿಲಗಳಿಂದ ಕೊರೆಯಬೇಕು, ತೆಳು ಪದರ ಕೂರಿಸಬೇಕು, ನಡುನಡುವೆ ಅತಿ ಶುದ್ಧ ನೀರಲ್ಲಿ ತೊಳೆಯಬೇಕು. ಇದೆಲ್ಲ ಕೆಮಿಕಲ್ ಮತ್ತು ಮೆಟೀರಿಯಲ್ಸ್ ಓದಿದವರ ಕೆಲಸ ಅಲ್ವಾ? ವ್ಯಾಕ್ಯೂಮ್ ಪಂಪು, ಗಾಳಿ ಸೋಸುವ ವ್ಯವಸ್ಥೆ, ಬಿಲ್ಲೆ ಸಾಗಿಸುವ ರೋಬೋಟು ನೋಡಿಕೊಳ್ಳಲು ಮೆಕ್ಯಾನಿಕಲ್‌ನವರು ಬೇಕು. ಹಗಲು ರಾತ್ರಿ ಪಾಳಿಯಲ್ಲಿ ಯಂತ್ರ ನಡೆಸಲು ಡಿಪ್ಲೊಮಾದವರು ಬೇಕು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2023ರಲ್ಲಿ ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಬಿಟೆಕ್ ಜೊತೆಗೆ ಐಸಿ (ಅಂದರೆ ಚಿಪ್) ತಯಾರಿಕೆಯ ಡಿಪ್ಲೊಮಾಕ್ಕೂ ಮಾದರಿ ಪಠ್ಯಕ್ರಮ ತಂದದ್ದು ಸುಮ್ನೆ ಅಲ್ಲ.

ಸಂದೇಶ ಹೇಳದ ಮಾತು ಒಂದಿದೆ. ಈಗ ಮಂಜೂರಾದ ದೊಡ್ಡ ಘಟಕಗಳು ಗುಜರಾತಿನ ಧೋಲೇರಾ, ಸಾನಂದ್, ಅಸ್ಸಾಮಿನ ಜಾಗಿರೋಡ್‌ನಂಥ ಕಡೆ ಇವೆ. ಕಾರವಾರದ ಮಕ್ಕಳು ಊರು ಬಿಡಲು ತಯಾರಿರಬೇಕು.

ಬ್ರಾಂಚಿನ ಹೆಸರಿಗಿಂತ ಲ್ಯಾಬ್ ಬಗ್ಗೆ ವಿಚಾರಿಸುವುದು ಲೇಸು. ಕೇಂದ್ರದ 'ಚಿಪ್ಸ್ ಟು ಸ್ಟಾರ್ಟಪ್' ಯೋಜನೆಯಡಿ ದುಬಾರಿ ವಿನ್ಯಾಸ ಸಾಫ್ಟ್‌ವೇರ್ ಹಲವು ಕಾಲೇಜುಗಳಿಗೆ ಸಿಗುತ್ತಿದೆ. ನೀವು ನೋಡುತ್ತಿರುವ ಕಾಲೇಜಿನಲ್ಲಿ ಅದು ಇದೆಯೇ, ಮಕ್ಕಳ ಕೈಗೆ ಕೊಡುತ್ತಾರೆಯೇ ಎಂದು ಸೀಟು ಒಪ್ಪುವ ಮೊದಲೇ ಕೇಳಿ.